ಕೆಂಪಿನ ಕೆಳಗಿನ ಬಿಳಿ ಗೆರೆ

ಕಳೆದ ವರ್ಷ ದೀಪಾವಳಿಗೆ ಮುಂಚಿನ ಒಂದು ಸಂಜೆ. ಮಾಳದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಿ ಧೂಳು ಝಾಡಿಸುತ್ತ ಕುಳಿತಿದ್ದೆ. ಅಂಧೇರಿಯ ಆಫೀಸಿನಿಂದ ಮೆಟ್ರೋದಲ್ಲಿ ಘಾಟ್ಕೋಪರಿಗೆ, ಅಲ್ಲಿಂದ ಲೋಕಲ್‌ನಲ್ಲಿ ಡೊಂಬಿವಲಿಗೆ ನೂಕಾಡಿಕೊಂಡು ಬಂದ ಮಗಳು ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಒಂದು ಕಪ್ಪು ರಟ್ಟನ್ನು ತೆಗೆದು ನನ್ನ ಮುಂದೆ ಹಿಡಿದಳು. ಜೊತೆಗೊಂದು ಮೊನಚಾದ ಕಡ್ಡಿ.

"ಅಮ್ಮಾ, ಇದನ್ನ ಸ್ವಲ್ಪ ಗೀರಿ ನೋಡು."

ಗೀರಿದೆ. ಕಡ್ಡಿ ಹೋದ ದಾರಿಯಲ್ಲೆಲ್ಲ ಕಪ್ಪು ಸರಿದು ಒಳಗಿನಿಂದ ಕೆಂಪು, ಹಳದಿ, ನವಿಲುಗರಿಯ ನೀಲಿ ಎದ್ದು ಬಂದವು. ಮಕ್ಕಳಂತೆ ಖುಷಿಯಾಗಿ ಒಂದು ತಾವರೆಯನ್ನೇ ಬಿಡಿಸಿಬಿಟ್ಟೆ. "ನಮ್ಮ ಊರಿನ ದೇವಸ್ಥಾನದ ಗೋಡೆಯೂ ಹೀಗೇ ಇತ್ತು ನೋಡು, ಗೀರಿ ಗೀರಿ ಮಾಡಿದ್ದು" ಎಂದು ಬಾಯಿಂದ ಬಂದುಬಿಟ್ಟಿತು.

"ಯಾವ ಗೋಡೆ? ಅಲ್ಲಿ ಟೈಲ್ಸ್ ಇದೆಯಲ್ಲಾ!" ಎಂದಳು.

ನನ್ನ ಕೈ ಅಲ್ಲಿಗೇ ನಿಂತಿತು. ಆ ಟೈಲ್ಸ್ ಹಾಕಲು ಹಣ ಕಳಿಸಿದವರಲ್ಲಿ ನಾವೂ ಒಬ್ಬರು. ಈ ಲೇಖನ ಬರೆಯಲು ಕಾರಣ ಆ ಒಂದು ಮಾತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ, ರಜೆಯಲ್ಲಿ ಮಾತ್ರ ಊರು ಕಾಣುವ ನಮ್ಮ ಯುವಕ ಯುವತಿಯರು ಇದನ್ನು ಓದಬೇಕು, ಅಥವಾ ಯಾರಿಂದಲಾದರೂ ಓದಿಸಿ ಕೇಳಬೇಕು ಎಂಬುದು ನನ್ನ ಆಸೆ.

ಗೀರು ಚಿತ್ರ ಎಂದರೇನು?

ಮಗಳು ತಂದ ರಟ್ಟು ಮಕ್ಕಳ ಆಟಿಕೆಯಂತೆ ಕಂಡರೂ ಅದರ ಹಿಂದೆ ದೊಡ್ಡ ಕಥೆಯಿದೆ. ಇದರ ನಿಜವಾದ ರೂಪಕ್ಕೆ ಸ್ಕ್ರ್ಯಾಚ್‌ಬೋರ್ಡ್ ಎಂದು ಹೆಸರು. ಇಂಗ್ಲೆಂಡಿನವರು ಸ್ಕ್ರೇಪರ್‌ಬೋರ್ಡ್ ಎನ್ನುತ್ತಾರೆ. ಗಟ್ಟಿ ರಟ್ಟಿನ ಮೇಲೆ ನುಣುಪಾದ ಬಿಳಿ ಪಿಂಗಾಣಿ ಮಣ್ಣಿನ ಲೇಪ, ಅದರ ಮೇಲೆ ಕಪ್ಪು ಶಾಯಿಯ ಲೇಪ. ಕಲಾವಿದ ಚೂಪಾದ ಚಾಕುವಿನಿಂದಲೋ ಮುಳ್ಳಿನಿಂದಲೋ ಕಪ್ಪನ್ನು ಗೀರಿ ತೆಗೆದಲ್ಲೆಲ್ಲ ಕೆಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. 19ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಇದು ಬಳಕೆಗೆ ಬಂತು. ಅದಕ್ಕೆ ಮುಂಚೆ ಪುಸ್ತಕದ ಚಿತ್ರಗಳಿಗಾಗಿ ಮರದ ಅಚ್ಚನ್ನು ಕೊರೆಯಬೇಕಿತ್ತು. ಗೀರಿದ ಗೆರೆ ಅಚ್ಚಿನಲ್ಲಿ ಅಷ್ಟೇ ಸ್ಪಷ್ಟವಾಗಿ ಬೀಳುತ್ತಿದ್ದುದರಿಂದ ಪತ್ರಿಕೆಯವರೂ ಜಾಹೀರಾತಿನವರೂ ಇದನ್ನು ಬಹಳವಾಗಿ ನೆಚ್ಚಿಕೊಂಡರು.

ಬಣ್ಣ ಬರುವುದು ಎರಡು ಬಗೆಯಲ್ಲಿ. ಒಂದು, ಕಪ್ಪಿನ ಕೆಳಗೆ ಮೊದಲೇ ಬಣ್ಣ ಬಳಿದಿಡುವುದು. ಮಗಳು ತಂದದ್ದು ಈ ಬಗೆಯದು. ಇನ್ನೊಂದು, ಬಿಳಿ ಗೆರೆ ಗೀರಿಕೊಂಡು ಆಮೇಲೆ ಅದಕ್ಕೆ ಬಣ್ಣ ತುಂಬುವುದು. ಬೇಕಾದರೆ ಅದರ ಮೇಲೆ ಮತ್ತೆ ಗೀರುವುದು.

ಈ ಬಣ್ಣದ ಗೀರು ಚಿತ್ರಗಳಿಗೆ ಹೆಸರಾದವರಲ್ಲಿ ಅಮೆರಿಕದ ಬ್ರಯನ್ ಪಿಂಕ್ನಿ ಒಬ್ಬರು. 1961ರಲ್ಲಿ ಹುಟ್ಟಿದ ಇವರು ಆಫ್ರಿಕನ್ ಅಮೆರಿಕನ್ ಕಲಾವಿದರು. ಮಕ್ಕಳ ಪುಸ್ತಕಗಳ ಚಿತ್ರಗಳಿಗಾಗಿ ಅಲ್ಲಿ ಕೊಡುವ ಕಾಲ್ಡೆಕಾಟ್ ಗೌರವ ಇವರಿಗೆ 1996ರಲ್ಲಿ ಮತ್ತು 1999ರಲ್ಲಿ ಬಂದಿದೆ. ನನಗೆ ಹಿಡಿಸಿದ ಸಂಗತಿ ಬೇರೆ. ಇವರ ತಂದೆ ಜೆರ್ರಿ ಪಿಂಕ್ನಿ (1939–2021) ಜಲವರ್ಣಕ್ಕೆ ಬಹಳ ಹೆಸರಾದವರು, 2010ರಲ್ಲಿ ಕಾಲ್ಡೆಕಾಟ್ ಪದಕವನ್ನೇ ಪಡೆದವರು. ಅಪ್ಪನ ಕುಂಚದ ನೆರಳಿನಲ್ಲಿ ಬೆಳೆದ ಮಗ ಚಿತ್ರಕಾರನೇ ಆದ, ಆದರೆ ಕುಂಚದ ಬದಲು ಗೀರುವ ಮೊನೆಯಿಂದ ಹೆಸರು ಮಾಡಿದ! ಅಪ್ಪ ಅಮ್ಮನಿಂದ ಬಂದದ್ದನ್ನು ಬಿಡದೆಯೂ ತನ್ನದೇ ಗೆರೆ ಎಳೆಯಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನಮ್ಮ ಕರಾವಳಿಯ ಕಾವಿ ಕಲೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮಗೆ ಗೊತ್ತಿರಬಹುದು. ಅಮೆರಿಕದ ಗೀರು ಚಿತ್ರವನ್ನು ಬೆರಗಿನಿಂದ ನೋಡುವ ನಮಗೆ, ನಮ್ಮ ಹಿತ್ತಲಲ್ಲೇ ಇಂಥದೊಂದು ಕಲೆ ಶತಮಾನಗಳಿಂದ ಇತ್ತು ಎಂಬುದು ಮರೆತೇ ಹೋಗಿದೆ. ಅದೇ ಕಾವಿ ಕಲೆ. ಗೋವಾ, ಉತ್ತರ ಕನ್ನಡ, ಉಡುಪಿಯ ಕಡೆ, ಇತ್ತ ಮಹಾರಾಷ್ಟ್ರದ ಸಿಂಧುದುರ್ಗದವರೆಗೆ, ದೇವಸ್ಥಾನಗಳಲ್ಲಿ ಮತ್ತು ಕೆಲವು ಹಳೆಯ ಮನೆಗಳಲ್ಲಿ ಇದನ್ನು ಕಾಣಬಹುದು. ಕಾವಿ ಎಂದರೆ ಸನ್ಯಾಸಿಗಳು ಉಡುವ ಬಟ್ಟೆಯ ಬಣ್ಣ ಎಂದಷ್ಟೇ ನೀವು ತಿಳಿದಿರಬಹುದು. ಇಲ್ಲಿ ಕಾವಿ ಎಂದರೆ ನಮ್ಮ ಕೆಂಪು ಮಣ್ಣಿನ ಬಣ್ಣ.

ಇದನ್ನು ಮಾಡುವ ಕ್ರಮ ಸ್ವಾರಸ್ಯವಾಗಿದೆ. ಸಮುದ್ರದ, ಹೊಳೆಯ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಚೆನ್ನಾಗಿ ತೊಳೆದ ಹೊಳೆಮರಳು ಮತ್ತು ಬೆಲ್ಲವನ್ನು ಆ ಸುಣ್ಣಕ್ಕೆ ಬೆರೆಸಿ ಸುಮಾರು ಎರಡು ವಾರ ಕೊಳೆಯಲು ಬಿಡುತ್ತಾರೆ. ಆಮೇಲೆ ಅದನ್ನು ಕುಟ್ಟಿ ಕುಟ್ಟಿ ಹದ ಮಾಡಿ ಗೋಡೆಗೆ ಗಿಲಾಯಿ ಹಾಕುತ್ತಾರೆ. ಅದು ಇನ್ನೂ ಹಸಿಯಾಗಿರುವಾಗಲೇ ಹುರಮಂಜಿ ಎಂಬ ಕೆಂಪು ಬಣ್ಣ ಬೆರೆಸಿದ ತೆಳುವಾದ ಪದರವನ್ನು ಮೇಲೆ ಬಳಿಯುತ್ತಾರೆ. ಕಬ್ಬಿಣದ ಅಂಶವಿರುವ ಮಣ್ಣಿನಿಂದ ಬರುವ ಬಣ್ಣವಿದು. ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಇನ್ನು ಚಿತ್ರಗಾರನ ಕೆಲಸ. ಕೈಯಲ್ಲಿ ಕಂಟ ಎಂಬ ಉಕ್ಕಿನ ಮೊನೆ. ಅದರಿಂದ ಕೆಂಪನ್ನು ಗೀರಿ, ಕೆರೆದು ತೆಗೆದಂತೆ ಕೆಳಗಿನ ಬಿಳಿ ಸುಣ್ಣ ಚಿತ್ರವಾಗಿ ಏಳುತ್ತದೆ. ಕೊನೆಗೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಾರೆ. ಕೆಲವು ದಿನ ಗೋಡೆ ಒಣಗದಂತೆ ನೀರು ಚಿಮುಕಿಸಿ ಕಾಪಾಡಬೇಕು, ಬಾಣಂತಿಯನ್ನು ನೋಡಿಕೊಂಡ ಹಾಗೆ!

ಬಣ್ಣ ಬಳಿಯುವುದು ಬಿಟ್ಟು ಇಷ್ಟೆಲ್ಲ ತಾಪತ್ರಯ ಏಕೆ ಎನ್ನುವಿರಾ? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಕೆಲವು ಕಡೆ ಇನ್ನೂ ಹೆಚ್ಚು. ಒಣ ಗೋಡೆಯ ಮೇಲೆ ಬಳಿದ ಬಣ್ಣ ಆ ತೇವದಲ್ಲಿ ಎಷ್ಟು ದಿನ ನಿಲ್ಲುತ್ತದೆ? ಕಾವಿಯಲ್ಲಿ ಬಣ್ಣವೂ ಗಾರೆಯೂ ಒಂದೇ ಆಗಿ ಗಟ್ಟಿಯಾಗುತ್ತವೆ. ಚಿತ್ರ ಗೋಡೆಯ ಮೇಲೆ ಇರುವುದಲ್ಲ, ಗೋಡೆಯೇ ಚಿತ್ರ. ಆದರೆ ಒಂದು ಕಷ್ಟ. ಗಾರೆ ಗಟ್ಟಿಯಾಗುವುದರೊಳಗೆ ಕೆಲಸ ಮುಗಿಯಬೇಕು, ಗೀರಿದ ಗೆರೆಯನ್ನು ಅಳಿಸುವಂತಿಲ್ಲ. ದಶಾವತಾರ, ರಾಮಾಯಣ ಮಹಾಭಾರತದ ಪ್ರಸಂಗಗಳು, ಆನೆ, ನವಿಲು, ಬಳ್ಳಿ, ತಾವರೆ ಎಲ್ಲವೂ ಹೀಗೆ ಒಂದೇ ಏಟಿಗೆ ಮೂಡಿದವು. ಬಹುಪಾಲು ಗೋಡೆಗಳಲ್ಲಿ ಮಾಡಿದವರ ಹೆಸರಿಲ್ಲ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಾದ್ದರಿಂದ ಶಬ್ದಕೋಶ ತೆರೆಯುವ ಚಪಲ ನನಗೆ ಇನ್ನೂ ಹೋಗಿಲ್ಲ. ಇಟಲಿಯ ಫ್ಲಾರೆನ್ಸಿನಲ್ಲಿ, ಚೆಕ್ ದೇಶದ ಪ್ರಾಗ್ ನಗರದಲ್ಲಿ ಇದೇ ಬಗೆಯ ಗೋಡೆಗಳಿವೆ. ಅದಕ್ಕೆ ಸ್ಗ್ರಾಫಿತೋ ಎನ್ನುತ್ತಾರೆ. ಗೀರುವುದು ಎಂಬ ಅರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು. ನೀವು ಲೋಕಲ್ ರೈಲಿನ ಪಕ್ಕದ ಗೋಡೆಗಳಲ್ಲಿ ನೋಡುವ ಗ್ರಾಫಿಟಿಯೂ ಅದೇ ಮನೆತನದ ಶಬ್ದ.

ಅಕ್ಷರವೂ ಗೀರಿದ್ದೇ

ಕಂಟ ಎಂಬ ಮಾತು ಹೇಳಿದೆನಲ್ಲ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಬ್ಬಿಣದ ಲೇಖನಿಗೂ ಕಂಟ ಎಂದೇ ಹೆಸರು. ಗರಿಯನ್ನು ಎಡಗೈಯಲ್ಲಿ ಹಿಡಿದು ಕಂಟದಿಂದ ಅಕ್ಷರ ಕೊರೆಯುತ್ತಿದ್ದರು. ಆಗ ಅದು ಕಣ್ಣಿಗೆ ಸರಿಯಾಗಿ ಕಾಣದು. ಆಮೇಲೆ ಕಾಡಿಗೆ ಮಸಿ ಸವರಿ ಒರೆಸಿದಾಗ ಗೀರಿನಲ್ಲಿ ಮಸಿ ನಿಂತು ಅಕ್ಷರ ಎದ್ದು ಕಾಣುತ್ತಿತ್ತು. ಸ್ಕ್ರ್ಯಾಚ್‌ಬೋರ್ಡಿನಲ್ಲಿ ಕಪ್ಪನ್ನು ತೆಗೆದು ಬಿಳಿ ಕಾಣಿಸುತ್ತೇವೆ. ತಾಳೆಗರಿಯಲ್ಲಿ ಗೀರಿ, ಕಪ್ಪನ್ನು ತುಂಬಿ ಕಾಣಿಸುತ್ತಿದ್ದರು. ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹೇಳುವವರುಂಟು. "ಕನ್ನಡ ಅಕ್ಷರ ಜಿಲೇಬಿ ಥರ ಇದೆ" ಎಂದು ನಗುವ ನಿಮ್ಮ ಮರಾಠಿ, ಗುಜರಾತಿ ಗೆಳೆಯರಿಗೆ ಈ ಮಾತನ್ನು ಹೇಳಿ ನೋಡಿ.

ನಾವು ಕೇಳದೆ ಬಿಟ್ಟ ಪ್ರಶ್ನೆ

ಈಗ ನಮ್ಮ ಗೋಡೆಯ ವಿಷಯ. ನನ್ನ ತವರು ಉತ್ತರ ಕನ್ನಡದ ಕರಾವಳಿಯ ಒಂದು ಸಣ್ಣ ಹಳ್ಳಿ. ದೇವಸ್ಥಾನದ ಹೊರಗಿನ ಪ್ರಾಕಾರದಲ್ಲಿ ಕಾವಿ ಚಿತ್ರಗಳಿದ್ದವು. ನಮಗದು ಕಲೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಂಗಳಾರತಿಯ ತನಕ ಹೊತ್ತು ಹೋಗದ ಮಕ್ಕಳು ಗೋಡೆಯ ಗೆರೆಗಳ ಮೇಲೆ ಬೆರಳು ಓಡಿಸುತ್ತಿದ್ದೆವು, ಅಷ್ಟೆ. 1993ರಲ್ಲಿ ನನ್ನ ಮದುವೆಯೂ ಅದೇ ಅಂಗಳದಲ್ಲಿ ಆಯಿತು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಮದುವೆಯಾಗಿ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕುಲುಕಾಡುತ್ತ ಮುಂಬಯಿಗೆ ಬಂದವಳು ನಾನು.

2003ರಲ್ಲಿ ಊರಿನಿಂದ ಪತ್ರ ಬಂತು. ದೇವಸ್ಥಾನದ ಜೀರ್ಣೋದ್ಧಾರ, ಮುಂಬಯಿಯವರು ಕೈ ಬಿಡಬಾರದು. ಇಲ್ಲಿರುವ ನಮ್ಮೂರಿನ ಎಂಟು ಮನೆಯವರು ಸೇರಿ ಸಂತೋಷದಿಂದಲೇ ಚಂದಾ ಎತ್ತಿದೆವು. ನಮ್ಮ ಪಾಲು 5,000 ರೂಪಾಯಿ. ಆಗ ನಮಗದು ಸಣ್ಣ ಮೊತ್ತವಲ್ಲ. ಮುಂದಿನ ವರ್ಷ ಹೋಗಿ ನೋಡಿದರೆ ಛಾವಣಿ ಸೋರುವುದು ನಿಂತಿತ್ತು, ಬಾವಲಿಗಳು ಹೋಗಿದ್ದವು, ನೆಲ ಥಳಥಳ ಹೊಳೆಯುತ್ತಿತ್ತು. ಗೋಡೆಯ ಗಾರೆ ಕೆತ್ತಿ ಎದೆಯೆತ್ತರಕ್ಕೆ ಟೈಲ್ಸ್, ಮೇಲೆ ಗುಲಾಬಿ ಬಣ್ಣದ ಪೇಂಟು. ಗ್ರಾನೈಟ್ ಹಲಗೆಯಲ್ಲಿ "ಮುಂಬಯಿ ಭಕ್ತರು" ಎಂದು ಕೊರೆಸಿದ್ದರು. ನಮ್ಮವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನೂ ನಿಂತೆ.

ಇದಕ್ಕಾಗಿ ಊರಿನವರನ್ನು ದೂರಲಾರೆ. ಅವರಿಗೆ ದೇವರ ಮನೆ ಚೊಕ್ಕಟವಾಗಬೇಕಿತ್ತು, ಆಯಿತು. ದೂರ ಕುಳಿತು ಹಣ ಕಳಿಸಿದ ನಾವು "ಗೋಡೆಯ ಚಿತ್ರಗಳನ್ನು ಏನು ಮಾಡುತ್ತೀರಿ?" ಎಂದು ಒಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಏಕೆಂದರೆ ನಮಗೂ ಅದು ನೆನಪಿಗೆ ಬರಲಿಲ್ಲ. ಇಂಥ ಜೀರ್ಣೋದ್ಧಾರದಲ್ಲಿ ಕಾವಿ ಗೋಡೆ ಕಳೆದುಕೊಂಡ ಊರು ನಮ್ಮದೊಂದೇ ಅಲ್ಲ.

ಉಳಿಸಲು ಹೊರಟವರು

ಹಾಗೆಂದು ಎಲ್ಲರೂ ನಮ್ಮಂತೆ ಸುಮ್ಮನೆ ಕುಳಿತಿರಲಿಲ್ಲ. ಹೊನ್ನಾವರದವರಾದ ದಿ. ಡಾ. ಕೃಷ್ಣಾನಂದ ಕಾಮತರು (1934–2002) ವೃತ್ತಿಯಿಂದ ವಿಜ್ಞಾನಿ, ಜೊತೆಗೆ ಲೇಖಕ, ಛಾಯಾಚಿತ್ರಕಾರ, ಚಿತ್ರಕಾರ. ಕಾವಿಯ ಗೋಡೆಗಳನ್ನು ಹುಡುಕಿಕೊಂಡು ಹೋಗಿ, ಅವುಗಳ ಕ್ರಮವನ್ನು ತಿಳಿದವರಿಂದ ಕೇಳಿ ಬರೆದಿಟ್ಟರು. ಅವರು ಬರೆದಿಡದಿದ್ದರೆ ಸುಣ್ಣ ಬೆಲ್ಲದ ಕಥೆಯನ್ನು ನಾನು ನಿಮಗೆ ಹೇಳುವಂತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಉಡುಪಿ ಕಡೆಯ ಕಲಾವಿದ ಡಾ. ಜನಾರ್ದನ ಹಾವಂಜೆಯವರು ಕಾವಿ ಕಲೆಯ ಅಧ್ಯಯನ ಮಾಡಿ, ಸ್ವತಃ ರಚಿಸಿ, ಹೊಸಬರಿಗೂ ಕಲಿಸುತ್ತ ಬಂದಿದ್ದಾರೆ. ಗೋವಾದ ಸಾಗರ ನಾಯ್ಕ ಮುಳೆಯವರು ಗೋಡೆಯ ಕಾವಿಯನ್ನು ಕ್ಯಾನ್‌ವಾಸಿಗೂ ತಂದಿದ್ದಾರೆ.

ಮುಂಬಯಿ ಕನ್ನಡಿಗರಲ್ಲಿ ಕಲೆಯ ಮಾತು ಬಂದರೆ ಕೆ. ಕೆ. ಹೆಬ್ಬಾರರ ಹೆಸರು ಬಾರದೆ ಇರದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇಲ್ಲಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಪದ್ಮಭೂಷಣರಾಗಿ 1996ರಲ್ಲಿ ಈ ನಗರದಲ್ಲೇ ತೀರಿಕೊಂಡರು. ಅವರದು ಗೀರಿದ ಗೆರೆಯಲ್ಲ, ಬರೆದ ಗೆರೆ. ನಾಲ್ಕು ಗೆರೆಯಲ್ಲಿ ನರ್ತಕಿ ಕುಣಿಯುತ್ತಿದ್ದಳು. ಪ್ಯಾರಿಸಿಗೂ ಹೋಗಿ ಕಲಿತು ಬಂದ ಅವರು ಊರಿನ ಜಾತ್ರೆ, ಕೋಳಿ ಅಂಕಗಳನ್ನು ಮರೆಯಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನೆಯುತ್ತೇನೆ.

ದೊಡ್ಡಮ್ಮನ ಮೊಸಳೆ

ಮತ್ತೆ ಆ ದೀಪಾವಳಿಯ ಸಂಜೆಗೆ ಬರೋಣ. ಮಾಳದಿಂದ ಇಳಿಸಿದ ಸಾಮಾನಿನಲ್ಲಿ ನಮ್ಮ ಮದುವೆಯ ಆಲ್ಬಮ್ ಇತ್ತು. ಅದರಲ್ಲೊಂದು ಫೋಟೋದಲ್ಲಿ ನಮ್ಮವರ ಪೇಟದ ಹಿಂದೆ ಗೋಡೆ ಕಾಣುತ್ತದೆ. ಕೆಂಪಿನಲ್ಲಿ ಬಿಳಿ ಗೆರೆಯ ಆನೆಯ ತಲೆ, ಎತ್ತಿದ ಸೊಂಡಿಲು, ಮೂಲೆಯಲ್ಲಿ ಒಂದು ರೆಕ್ಕೆ. ಉಳಿದದ್ದೆಲ್ಲ ನೆಂಟರ ತಲೆಗಳಲ್ಲಿ ಮುಚ್ಚಿಹೋಗಿದೆ. ಮಗಳು ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. "ಇದನ್ನ ಪೂರ್ತಿ ಮಾಡ್ತೀನಿ ಅಮ್ಮಾ. ಆದರೆ ಕೆಳಗೆ ಏನಿತ್ತು?"

ನನಗೆ ಸರಿಯಾಗಿ ನೆನಪಿರಲಿಲ್ಲ. ಊರಿನಲ್ಲಿ ನೆನಪಿದ್ದವರು ಒಬ್ಬರೇ, 86 ವರ್ಷದ ನನ್ನ ದೊಡ್ಡಮ್ಮ. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮಗಳ ಕನ್ನಡವೋ, ಮುಕ್ಕಾಲು ಪಾಲು ಮರಾಠಿ ಇಂಗ್ಲಿಷ್ ಬೆರೆತದ್ದು. ಫೋನಿನಲ್ಲಿ ಯಾವಾಗಲೂ "ಹೇಗಿದ್ದೀರಿ ಅಜ್ಜಿ? ಊಟ ಆಯ್ತಾ?" ಎಂಬಲ್ಲಿಗೆ ಮಾತು ಮುಗಿದು ಫೋನು ನನ್ನ ಕೈಗೆ ಬರುತ್ತಿತ್ತು. ಈ ಸಲ ನಾನು ಬೇಕೆಂದೇ ಅಡಿಗೆಮನೆಗೆ ಹೋಗಿಬಿಟ್ಟೆ.

"ಅದು ಬರೀ ಆನೆಯಲ್ಲ ತಂಗೀ, ಗಜೇಂದ್ರ. ಕೆಳಗೆ ಮೊಸಳೆ ಕಾಲು ಕಚ್ಚಿತ್ತು. ಮೇಲೆ ಗರುಡನ ಮೇಲೆ ದೇವರು ಬರ್ತಿದ್ದ" ಎಂದರಂತೆ ದೊಡ್ಡಮ್ಮ.

ಮಗಳು ಫೋನಿಗೆ ಕೈ ಅಡ್ಡ ಹಿಡಿದು ಓಡಿ ಬಂದಳು. "ಅಮ್ಮಾ, ಮೊಸಳೆ ಅಂದ್ರೆ ಮಗರ್ ಅಲ್ವಾ?" ಹೌದೆಂದೆ. ಮತ್ತೆ ಓಡಿದಳು. ಬಾಲ ಯಾವ ಕಡೆ ಇತ್ತು, ಕಣ್ಣು ದುಂಡಗೋ ಉದ್ದವೋ, ನೀರನ್ನು ಹೇಗೆ ತೋರಿಸಿದ್ದರು? ಪ್ರಶ್ನೆಗಳು ಮುಗಿಯಲೇ ಇಲ್ಲ. ದೊಡ್ಡಮ್ಮನಿಗೂ ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿದ ಖುಷಿ. "ಮೊಸಳೆಯ ಹಲ್ಲನ್ನು ಮಕ್ಕಳೆಲ್ಲ ಎಣಿಸುತ್ತಿದ್ದರು. ನಿನ್ನ ಅಮ್ಮನೂ ಎಣಿಸಿದವಳೇ" ಎಂದರಂತೆ. ಅದನ್ನು ಕೇಳಿದಾಗ ಒಮ್ಮೆಲೇ ಬೆರಳ ತುದಿಗೇ ನೆನಪು ಬಂತು. 11 ಹಲ್ಲು. ಕೊನೆಯದು ಸ್ವಲ್ಪ ಮುಕ್ಕಾಗಿತ್ತು. ಅಂದು ಅವರಿಬ್ಬರೂ ಮಾತಾಡಿದ್ದು ನಲವತ್ತು ನಿಮಿಷ. ಆ ವಾರ ಇನ್ನೂ ಮೂರು ಸಲ ಫೋನು ಹೋಯಿತು.

ದಾದರಿನ ಅಂಗಡಿಯಿಂದ ಬಿಳಿ ರಟ್ಟು ತಂದು, ಕಾವಿಯ ಕೆಂಪು ಬಳಿದು, ರವಿವಾರಗಳೆಲ್ಲ ಕುಳಿತು ಮಗಳು ಗಜೇಂದ್ರನನ್ನು ಗೀರಿದಳು. ಹಲ್ಲು 11. ಆದರೆ ಕೊನೆಯಲ್ಲಿ ನನ್ನನ್ನು ಕೇಳದೆ ಮೊಸಳೆಗೆ ಹಸಿರು, ತಾವರೆಗೆ ನೀಲಿ, ಗರುಡನಿಗೆ ಅರಿಸಿನದ ಹಳದಿ ತುಂಬಿದಳು! "ಕಾವಿಯಲ್ಲಿ ಹೀಗೆ ಇರುವುದಿಲ್ಲ ಕಣೇ" ಎಂದು ನಾನು ಸ್ವಲ್ಪ ಗದರಿದೆ. "ಇದು ನನ್ನದು" ಎಂದಳು. ವಾಟ್ಸಾಪಿನಲ್ಲಿ ಊರಿಗೆ ಕಳಿಸಿದಾಗ ದೊಡ್ಡಮ್ಮ ಮೊಮ್ಮಗನ ಫೋನಿನಲ್ಲಿ ನೋಡಿ, "ನಮ್ಮ ಮೊಸಳೆಗೆ ಹಸಿರು ಎಲ್ಲಿಂದ ಬಂತೇ? ಇರಲಿ, ಚೆಂದ ಇದೆ" ಎಂದರು.

ನಿಮಗೆ ಎರಡು ಮಾತು

ಮೊದಲನೆಯದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗೋಡೆ, ಬಾಗಿಲು, ಕಂಬಗಳ ಫೋಟೋ ತೆಗೆಯಿರಿ. ಮುಂದೆ ನೀವು ನಿಲ್ಲದೆ ತೆಗೆಯಿರಿ. ಪಕ್ಕದಲ್ಲಿ ಹಿರಿಯರಿದ್ದರೆ ಇದೇನೆಂದು ಕೇಳಿ. ಕನ್ನಡ ತಪ್ಪಾದರೂ ಚಿಂತೆಯಿಲ್ಲ, ಅವರು ನಗುತ್ತಾರೆ, ಆಮೇಲೆ ಹೇಳುತ್ತಾರೆ. ನಾಳೆ ನೀವು ದುಡಿಯುವವರಾಗಿ ಊರಿನಿಂದ ಜೀರ್ಣೋದ್ಧಾರದ ಪತ್ರ ಬಂದರೆ ಹಣ ಕೊಡಿ, ಖಂಡಿತ ಕೊಡಿ. ಆದರೆ ನಾವು ಕೇಳದ ಪ್ರಶ್ನೆಯನ್ನು ನೀವು ಕೇಳಿ.

ಎರಡನೆಯದು, ಮನೆಯಲ್ಲೇ ಮಾಡಿ ನೋಡಿ. ದಪ್ಪ ಡ್ರಾಯಿಂಗ್ ಕಾಗದದ ಮೇಲೆ ಮೇಣದ ಕ್ರೆಯಾನ್‌ಗಳನ್ನು ಖಾಲಿ ಜಾಗ ಉಳಿಯದಂತೆ ಒತ್ತಿ ತುಂಬಿ. ಕಪ್ಪು ಪೋಸ್ಟರ್ ಬಣ್ಣಕ್ಕೆ ಪಾತ್ರೆ ತೊಳೆಯುವ ಸಾಬೂನಿನ ಎರಡು ಹನಿ ಸೇರಿಸಿ ಮೇಲೆ ಬಳಿಯಿರಿ. ಸಾಬೂನು ಇಲ್ಲದಿದ್ದರೆ ಬಣ್ಣ ಮೇಣದ ಮೇಲೆ ನಿಲ್ಲದು. ಪೂರ್ತಿ ಒಣಗಿದ ಮೇಲೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೀರಿ. ಕಾವಿಯ ಹಾಗೆ ಬೇಕಾದರೆ ಕೆಳಗೆ ಬಿಳಿ ಕ್ರೆಯಾನ್, ಮೇಲೆ ಇಟ್ಟಿಗೆ ಕೆಂಪು. ಏನು ಬರೆಯಲಿ ಎಂದು ತೋಚದಿದ್ದರೆ ನಿಮ್ಮ ಹೆಸರನ್ನೇ ಕನ್ನಡದಲ್ಲಿ ಬರೆಯಿರಿ. ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಗೊತ್ತಾಗದಿದ್ದರೆ ಮನೆಯಲ್ಲಿ ಕೇಳಿ.

ಮಗಳ ಚಿತ್ರ ಈಗ ನಮ್ಮ ಹಾಲಿನಲ್ಲಿದೆ. ಬಂದವರೆಲ್ಲ ಇದೇನು ಎನ್ನುತ್ತಾರೆ. "ಮೊಸಳೆ" ಎಂದು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಬೇಕಾದರೆ ಮಗರ್ ಎನ್ನುತ್ತಾಳೆ.